ಕಿತ್ತರೂ ಮತ್ತೆ ಮೊಳೆಯುವ ಆ್ಯಡ್‌ವೇರ್: ಮನೆಯ ಕಂಪ್ಯೂಟರಿನಿಂದ ಬುಡಸಮೇತ ತೆಗೆಯುವ ಕ್ರಮ

ಕೇಳದ ಜಾಹೀರಾತು ಪರದೆಯ ಮೇಲೆ ಬರತೊಡಗಿದರೆ ಹೆಚ್ಚಿನವರು ಕೈಗೆ ಸಿಕ್ಕ ಕ್ಲೀನರ್ ಒಂದನ್ನು ಡೌನ್‌ಲೋಡ್ ಮಾಡಿ ಓಡಿಸುತ್ತಾರೆ. ಎರಡು ದಿನ ತಣ್ಣಗಿರುತ್ತದೆ, ಮೂರನೆಯ ದಿನ ಮತ್ತೆ ಅದೇ ಪಾಡು. ಹೀಗೆ ಕೇಳದೆ ಜಾಹೀರಾತು ತೋರಿಸುವ ಪ್ರೋಗ್ರಾಮೇ ಆ್ಯಡ್‌ವೇರ್. ಅದು ಗರಿಕೆ ಹುಲ್ಲಿನ ಜಾತಿಯದು, ಮೇಲಿನ ಎಸಳು ಸವರಿದರೆ ಸಾಯುವುದಿಲ್ಲ. ಮುಖ್ಯ ಪ್ರೋಗ್ರಾಮ್ ಒಂದು ಕಡೆ ಇದ್ದರೆ ಅದನ್ನು ಮತ್ತೆ ತಂದು ಕೂರಿಸುವ ಟಾಸ್ಕ್ (ಗೊತ್ತಾದ ಹೊತ್ತಿಗೆ ತಾನಾಗಿ ಓಡುವ ಆದೇಶ) ಇನ್ನೊಂದು ಕಡೆ ಇರುತ್ತದೆ, ಎಲ್ಲ ಸಾಧನಗಳ ಬ್ರೌಸರನ್ನೂ ಒಂದೇ ತೆರನಾಗಿ ಇಡುವ ಸಿಂಕ್ ಖಾತೆಯಲ್ಲಿ ಮತ್ತೊಂದು ಪ್ರತಿ ಉಳಿದಿರುತ್ತದೆ. ಯಾವುದನ್ನು ಮೊದಲು, ಯಾವುದನ್ನು ಆಮೇಲೆ ತೆಗೆಯಬೇಕು ಎನ್ನುವುದರ ಮೇಲೆಯೇ ಎಲ್ಲ ನಿಂತಿದೆ. ಇಲ್ಲಿನ ವಿವರ ವಿಂಡೋಸ್ 10 ಮತ್ತು 11ಕ್ಕೆ.

ಮೊದಲು ಎಲ್ಲಿಂದ ಬರುತ್ತಿದೆ ಎಂದು ನೋಡಿ

ಏನನ್ನೂ ಅಳಿಸುವ ಮುನ್ನ ಐದು ನಿಮಿಷ ಗಮನಿಸಿ. ಜಾಹೀರಾತು ಪರದೆಯ ಬಲ ಕೆಳಮೂಲೆಯಲ್ಲಿ ಪುಟ್ಟ ಚೌಕವಾಗಿ ಏಳುತ್ತಿದ್ದರೆ ಅದು ಬಹುತೇಕ ಬ್ರೌಸರ್ ನೋಟಿಫಿಕೇಶನ್. ಒಂದೇ ಬ್ರೌಸರಿನಲ್ಲಿ ಮಾತ್ರ ಬರುತ್ತಿದ್ದರೆ ಎಕ್ಸ್‌ಟೆನ್ಶನ್ (ಬ್ರೌಸರಿಗೆ ಸೇರಿಸಿಕೊಳ್ಳುವ ಪುಟ್ಟ ಪ್ರೋಗ್ರಾಮ್) ಮೇಲೆ ಅನುಮಾನ ಪಡಿ. ಎಲ್ಲ ಬ್ರೌಸರುಗಳಲ್ಲೂ ಬರುತ್ತಿದ್ದರೆ ಇನ್‌ಸ್ಟಾಲ್ ಆಗಿರುವ ಪ್ರೋಗ್ರಾಮ್ ಅಥವಾ ಪ್ರಾಕ್ಸಿ, ಅಂದರೆ ಇಂಟರ್‌ನೆಟ್ ಸಂಚಾರವನ್ನು ತನ್ನ ಮೂಲಕ ಹಾಯಿಸುವ ಮಧ್ಯವರ್ತಿ. ಬ್ರೌಸರ್ ಮುಚ್ಚಿದ್ದಾಗಲೂ ತಾನಾಗಿ ತೆರೆದುಕೊಂಡು ಜಾಹೀರಾತು ತೋರಿಸುತ್ತಿದ್ದರೆ ಎಲ್ಲೋ ಒಂದು ಟಾಸ್ಕ್ ಕೂತಿದೆ. ಅದೇ ವೈಫೈಗೆ ಸೇರಿದ ಫೋನಿನಲ್ಲೂ ಅದೇ ಜಾಹೀರಾತು ಕಂಡರೆ ಕಂಪ್ಯೂಟರಿಗಿಂತ ಮೊದಲು ರೌಟರ್ ನೋಡಬೇಕು.

ನೋಟಿಫಿಕೇಶನ್: ವೈರಸ್ ಅಲ್ಲ, ಕೊಟ್ಟ ಅನುಮತಿ

"ನಿಮ್ಮ ಕಂಪ್ಯೂಟರಿನಲ್ಲಿ ಐದು ವೈರಸ್ ಇವೆ" ಎಂದು ಮೂಲೆಯಲ್ಲಿ ಏಳುವ ಚೌಕವನ್ನು ಹತ್ತಿರದಿಂದ ನೋಡಿ. ಮೇಲೆ ಆ್ಯಂಟಿವೈರಸ್ ಕಂಪನಿಯದೊಂದು ಲಾಂಛನ, ಕೆಂಪು ಅಕ್ಷರ, ಗಾಬರಿ ಹುಟ್ಟಿಸುವ ಸಂಖ್ಯೆ. ಆದರೆ ಅದರಲ್ಲೇ ಸಣ್ಣ ಅಕ್ಷರದಲ್ಲಿ ಕ್ರೋಮ್ ಅಥವಾ ಎಡ್ಜ್ ಎಂಬ ಹೆಸರೂ, ಯಾವುದೋ ಅರ್ಥವಿಲ್ಲದ ವೆಬ್ ವಿಳಾಸವೂ ಇರುತ್ತದೆ. ಹಿಂದೆಂದೋ ಯಾವುದೋ ಪುಟ "ನೀವು ರೋಬೋ ಅಲ್ಲವೆಂದು ತೋರಿಸಲು ಅಲೋ ಒತ್ತಿ" ಎಂದಾಗ ಒತ್ತಿದ್ದರ ಫಲ ಇದು. ಕಂಪ್ಯೂಟರಿನಲ್ಲಿ ಯಾವ ಫೈಲೂ ಇಲ್ಲದ ಕಾರಣ ಎಷ್ಟು ಸ್ಕ್ಯಾನ್ ಮಾಡಿದರೂ ಏನೂ ಸಿಗುವುದಿಲ್ಲ. ಜನ ಹಣ ಕೊಟ್ಟು ಮೂರು ಮೂರು ಆ್ಯಂಟಿವೈರಸ್ ಹಾಕಿಕೊಂಡು ಸೋಲುವುದು ಇಲ್ಲಿಯೇ.

ಕ್ರೋಮ್‌ನಲ್ಲಿ ಮೇಲಿನ ಮೂರು ಚುಕ್ಕೆ ಒತ್ತಿ, ಸೆಟ್ಟಿಂಗ್ಸ್, ಪ್ರೈವಸಿ ಆ್ಯಂಡ್ ಸೆಕ್ಯುರಿಟಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್ ಎಂದು ಹೋಗಿ. ಅನುಮತಿ ಪಡೆದ ಸೈಟುಗಳ ಪಟ್ಟಿ ಸಿಗುತ್ತದೆ. ಪರಿಚಯವಿಲ್ಲದ ಪ್ರತಿಯೊಂದರ ಪಕ್ಕದ ಚುಕ್ಕೆ ಒತ್ತಿ ಬ್ಲಾಕ್ ಆರಿಸಿ. ರಿಮೂವ್ ಆರಿಸಿದರೆ ಆ ಸೈಟ್ ಮುಂದೆ ಮತ್ತೆ ಅನುಮತಿ ಕೇಳಬಹುದು, ಬ್ಲಾಕ್ ಮಾಡಿದರೆ ಕೇಳಲಾರದು. ಸೈಟುಗಳು ನೋಟಿಫಿಕೇಶನ್ ಕೇಳುವುದನ್ನೇ ನಿಲ್ಲಿಸುವ ಆಯ್ಕೆಯೂ ಅದೇ ಪುಟದಲ್ಲಿದೆ. ಎಡ್ಜ್‌ನಲ್ಲಿ ಸೆಟ್ಟಿಂಗ್ಸ್ ಪುಟದ ಹುಡುಕಾಟದ ಪೆಟ್ಟಿಗೆಯಲ್ಲಿ ನೋಟಿಫಿಕೇಶನ್ಸ್ ಎಂದು ಟೈಪ್ ಮಾಡಿದರೆ ಇಂಥದೇ ಪಟ್ಟಿ ಸಿಗುತ್ತದೆ. ಫೈರ್‌ಫಾಕ್ಸ್‌ನಲ್ಲಿ ಪ್ರೈವಸಿ ಆ್ಯಂಡ್ ಸೆಕ್ಯುರಿಟಿ ಪುಟದ ಪರ್ಮಿಶನ್ಸ್ ಭಾಗದಲ್ಲಿದೆ. ಇಷ್ಟಕ್ಕೇ ಜಾಹೀರಾತು ನಿಂತರೆ ನಿಮ್ಮ ಕೆಲಸ ಬಹುಮಟ್ಟಿಗೆ ಮುಗಿಯಿತು.

ಪ್ರೋಗ್ರಾಮ್ ತೆಗೆಯುವ ಮುನ್ನ ಎರಡು ಕೆಲಸ

ಮುಖ್ಯವಾದ ದಾಖಲೆ, ಫೋಟೋಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿ, ಡಿಸ್ಕ್ ಕಳಚಿಡಿ. ಇನ್‌ಸ್ಟಾಲರ್ ಫೈಲುಗಳನ್ನು ಮಾತ್ರ ನಕಲು ಮಾಡಬೇಡಿ, ರೋಗದ ಮೂಲ ಅವುಗಳಲ್ಲೇ ಇರಬಹುದು.

ಎರಡನೆಯದು, ಬ್ರೌಸರಿನ ಸಿಂಕ್ ನಿಲ್ಲಿಸಿ. ನೀವು ತೆಗೆದ ಎಕ್ಸ್‌ಟೆನ್ಶನ್ ಮರುದಿನ ಹಾಗೇ ಬಂದು ಕೂರುವುದಕ್ಕೆ ಸಾಮಾನ್ಯ ಕಾರಣ ಇದೇ. ಇನ್ನೊಂದು ಲ್ಯಾಪ್‌ಟಾಪಿನಲ್ಲಿ ಅದೇ ಖಾತೆಯಿದ್ದರೆ ಅಲ್ಲಿಂದ ಅದು ವಾಪಸ್ ಇಳಿಯುತ್ತದೆ. ಎಲ್ಲ ಕಂಪ್ಯೂಟರುಗಳಲ್ಲೂ ಶುಚಿ ಮಾಡಿದ ಮೇಲೆಯೇ ಸಿಂಕ್ ಮತ್ತೆ ಹಾಕಿ.

ತೆಗೆಯುವ ಕ್ರಮ

ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್, ಅದರೊಳಗೆ ಇನ್‌ಸ್ಟಾಲ್ಡ್ ಆ್ಯಪ್ಸ್ ತೆರೆಯಿರಿ. ವಿಂಡೋಸ್ 10ರಲ್ಲಿ ಅದಕ್ಕೆ ಆ್ಯಪ್ಸ್ ಆ್ಯಂಡ್ ಫೀಚರ್ಸ್ ಎಂಬ ಹೆಸರು. ಪಟ್ಟಿಯನ್ನು ಇನ್‌ಸ್ಟಾಲ್ ಆದ ದಿನಾಂಕದ ಪ್ರಕಾರ ಜೋಡಿಸಿ. ಜಾಹೀರಾತು ಶುರುವಾದ ದಿನ ನೆನಪಿದ್ದರೆ ಅದರ ಆಸುಪಾಸಿನಲ್ಲಿ ಒಂದೇ ದಿನ ಬಂದ ಮೂರು ನಾಲ್ಕು ಹೆಸರು ಕಣ್ಣಿಗೆ ಬೀಳುತ್ತವೆ: ಪಿಡಿಎಫ್ ಪರಿವರ್ತಕ, ಡ್ರೈವರ್ ಅಪ್‌ಡೇಟರ್, ವೇಗ ಹೆಚ್ಚಿಸುವ ಆಪ್ಟಿಮೈಸರ್, ಹೆಸರೇ ಕೇಳದ ಬ್ರೌಸರ್. ಒಂದರ ಬೆನ್ನಿಗೆ ಕಟ್ಟಿಕೊಂಡು ಉಳಿದವು ಬಂದಿರುತ್ತವೆ. ಒಂದೊಂದನ್ನೇ ಅನ್‌ಇನ್‌ಸ್ಟಾಲ್ ಮಾಡಿ. ಆಗ ಬರುವ ಕಿಟಕಿಯ ಬಟನ್‌ಗಳನ್ನು ಓದಿಯೇ ಒತ್ತಿ. ದೊಡ್ಡ ಹಸಿರು ಬಟನ್ ಪ್ರೋಗ್ರಾಮನ್ನು ಉಳಿಸಿಕೊಳ್ಳುವುದಕ್ಕೂ, ಮಸುಕಾದ ಸಣ್ಣ ಅಕ್ಷರ ನಿಜವಾಗಿ ತೆಗೆಯುವುದಕ್ಕೂ ಇರುವುದು ಆ್ಯಡ್‌ವೇರ್ ಮಾಡುವವರ ಹಳೆಯ ತಂತ್ರ. ಆತುರದಲ್ಲಿ ಮೈಕ್ರೋಸಾಫ್ಟ್ ವಿಶುವಲ್ ಸಿ ಪ್ಲಸ್ ಪ್ಲಸ್ ರೀಡಿಸ್ಟ್ರಿಬ್ಯೂಟಬಲ್ ಎಂಬ ಸಾಲುಗಳನ್ನೂ ಗ್ರಾಫಿಕ್ಸ್ ಡ್ರೈವರನ್ನೂ ಕಿತ್ತುಹಾಕಬೇಡಿ. ಅವು ಎಷ್ಟೇ ಸಂಖ್ಯೆಯಲ್ಲಿದ್ದರೂ ಬೇರೆ ಪ್ರೋಗ್ರಾಮುಗಳಿಗೆ ಬೇಕಾದವು.

ಪ್ರೋಗ್ರಾಮ್ ಬಳಕೆಯಲ್ಲಿದೆ ಎಂದು ಹೇಳಿ ತೆಗೆಯಗೊಡದಿದ್ದರೆ ಸೇಫ್ ಮೋಡಿಗೆ, ಅಂದರೆ ತೀರ ಅಗತ್ಯವಾದವಷ್ಟೇ ಓಡುವ ಸ್ಥಿತಿಗೆ ಹೋಗಿ. ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್ ಕ್ಲಿಕ್ ಮಾಡಿ, ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಶನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್. ಪಟ್ಟಿ ಬಂದಾಗ 4 ಒತ್ತಿದರೆ ಸೇಫ್ ಮೋಡ್, 5 ಒತ್ತಿದರೆ ಇಂಟರ್‌ನೆಟ್ ಸಹಿತ ಸೇಫ್ ಮೋಡ್. ಡಿಸ್ಕಿಗೆ ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಬೀಗ) ಇದ್ದರೆ 48 ಅಂಕಿಯ ರಿಕವರಿ ಕೀ ಕೇಳಬಹುದು, ಅದನ್ನು ಮೊದಲೇ ಬರೆದಿಟ್ಟುಕೊಂಡಿರಿ.

ಈಗ ಸ್ಕ್ಯಾನ್. ಅದಕ್ಕೂ ಮುಂಚೆ ವಿಂಡೋಸ್ ಸೆಕ್ಯುರಿಟಿ ತೆರೆದು, ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್‌ನ ಸೆಟ್ಟಿಂಗ್‌ಗಳಲ್ಲಿ ಕೊನೆಯ ಹತ್ತಿರ ಇರುವ ಎಕ್ಸ್‌ಕ್ಲೂಶನ್ಸ್ ನೋಡಿ. ಕೆಲವು ದುಷ್ಟ ಪ್ರೋಗ್ರಾಮುಗಳು ತಮ್ಮ ಫೋಲ್ಡರನ್ನು, ಒಮ್ಮೊಮ್ಮೆ ಇಡೀ ಸಿ ಡ್ರೈವನ್ನೇ ಅಲ್ಲಿ ಸೇರಿಸಿಬಿಡುತ್ತವೆ. ಹಾಗೆ ಸೇರಿಸಿದ್ದನ್ನು ವಿಂಡೋಸ್‌ನದೇ ಆ್ಯಂಟಿವೈರಸ್ ಆದ ಡಿಫೆಂಡರ್ ತೆರೆದೂ ನೋಡುವುದಿಲ್ಲ, ಎಲ್ಲ ಸರಿಯಿದೆ ಎಂದು ಹಸಿರು ಗುರುತು ತೋರಿಸುತ್ತದೆ. ನೀವು ಸೇರಿಸದ್ದನ್ನೆಲ್ಲ ಅಲ್ಲಿಂದ ತೆಗೆಯಿರಿ.

ಆಮೇಲೆ ಆ್ಯಡ್‌ಡಬ್ಲ್ಯುಕ್ಲೀನರ್ ಓಡಿಸಿ. ಇದು 2016ರಿಂದ ಮಾಲ್‌ವೇರ್‌ಬೈಟ್ಸ್ ಕಂಪನಿಯದು, ಉಚಿತ, ಇನ್‌ಸ್ಟಾಲ್ ಮಾಡಬೇಕಿಲ್ಲ. ಆ ಕಂಪನಿಯ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ, ಹುಡುಕಾಟದ ಮೊದಲ ಸಾಲಿನಲ್ಲಿ ಬರುವ ಜಾಹೀರಾತಿನ ಕೊಂಡಿಯಿಂದ ಬೇಡ. ಸಿಕ್ಕಿದ್ದನ್ನು ಕ್ವಾರಂಟೈನ್ ಮಾಡಿ (ಓಡದಂತೆ ಬೇರೆ ಇಟ್ಟು) ರೀಸ್ಟಾರ್ಟ್ ಮಾಡಿ. ಲ್ಯಾಪ್‌ಟಾಪಿನ ಜೊತೆಗೇ ಬಂದ ಪ್ರೋಗ್ರಾಮುಗಳನ್ನು ಅದು ಬೇರೆಯೇ ಪಟ್ಟಿಯಲ್ಲಿ ತೋರಿಸುತ್ತದೆ, ಅವನ್ನು ತೆಗೆಯುವುದು ಬಿಡುವುದು ನಿಮ್ಮ ಇಷ್ಟ. ಕೊನೆಗೆ ವಿಂಡೋಸ್ ಸೆಕ್ಯುರಿಟಿಯ ಸ್ಕ್ಯಾನ್ ಆಪ್ಶನ್ಸ್‌ನಲ್ಲಿ ಆಫ್‌ಲೈನ್ ಸ್ಕ್ಯಾನ್ ಆರಿಸಿ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಏಳುವ ಮುನ್ನವೇ ಸುಮಾರು 15 ನಿಮಿಷ ತಡಕಾಡುತ್ತದೆ. ವಿಂಡೋಸ್ ಓಡುತ್ತಿರುವಾಗ ಅಡಗಿಕೊಳ್ಳುವಂಥವು ಹೀಗೆ ಸಿಕ್ಕಿಬೀಳುತ್ತವೆ. ಫಲಿತಾಂಶ ಪ್ರೊಟೆಕ್ಷನ್ ಹಿಸ್ಟರಿಯಲ್ಲಿ ಸಿಗುತ್ತದೆ.

ಸ್ಕ್ಯಾನರ್ ಬಿಟ್ಟುಹೋಗುವ ಬೇರುಗಳು

ಬ್ರೌಸರಿನ ಎಕ್ಸ್‌ಟೆನ್ಶನ್ ಪಟ್ಟಿ ತೆರೆದು, ಯಾಕೆ ಹಾಕಿಕೊಂಡಿರಿ ಎಂದು ನಿಮಗೇ ಹೇಳಲಾಗದ ಪ್ರತಿಯೊಂದನ್ನೂ ತೆಗೆಯಿರಿ. ಒಂದು ಕಾಲಕ್ಕೆ ಒಳ್ಳೆಯದಾಗಿದ್ದ ಎಕ್ಸ್‌ಟೆನ್ಶನ್ ಬೇರೆಯವರ ಕೈಗೆ ಮಾರಾಟವಾಗಿ, ಮುಂದಿನ ಅಪ್‌ಡೇಟಿನಲ್ಲಿ ಜಾಹೀರಾತು ತುರುಕಿದ್ದುಂಟು. ಹಳೆಯದೆಂಬ ಕಾರಣಕ್ಕೆ ನಂಬಬೇಡಿ.

ರಿಮೂವ್ ಬಟನ್ನೇ ಮಸುಕಾಗಿದ್ದರೆ ಮೂರು ಚುಕ್ಕೆಯ ಮೆನುವಿನ ತಳ ನೋಡಿ. "ಮ್ಯಾನೇಜ್ಡ್ ಬೈ ಯುವರ್ ಆರ್ಗನೈಸೇಶನ್" ಎಂದಿದೆಯೇ? ಕಚೇರಿಯ ಕಂಪ್ಯೂಟರಿನಲ್ಲಿ ಅದು ಸಹಜ, ಮನೆಯದರಲ್ಲಿ ಅನುಮಾನದ ಸಂಗತಿ. ಕೆಲವು ಆ್ಯಂಟಿವೈರಸ್‌ಗಳೂ ಇದನ್ನು ಹಾಕುವುದರಿಂದ ಮೊದಲು ಅದನ್ನು ಖಚಿತ ಮಾಡಿಕೊಳ್ಳಿ. ಅಲ್ಲವೆಂದಾದರೆ ವಿಂಡೋಸ್‌ನ ಒಳ ಸೆಟ್ಟಿಂಗ್‌ಗಳಿರುವ ರಿಜಿಸ್ಟ್ರಿ ಎಡಿಟರಿನಲ್ಲಿ ಎಚ್‌ಕೀ ಲೋಕಲ್ ಮಷೀನ್, ಸಾಫ್ಟ್‌ವೇರ್, ಪಾಲಿಸೀಸ್, ಗೂಗಲ್, ಕ್ರೋಮ್ ಎಂದು ಇಳಿಯಿರಿ. ಆ ಕ್ರೋಮ್ ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ ಎಕ್ಸ್‌ಪೋರ್ಟ್ ಮೂಲಕ ಒಂದು ಪ್ರತಿ ಉಳಿಸಿಕೊಂಡು, ಆಮೇಲೆ ಅದನ್ನು ಅಳಿಸಿ. ಎಚ್‌ಕೀ ಕರೆಂಟ್ ಯೂಸರ್ ಕೆಳಗೂ ಇದೇ ದಾರಿಯಲ್ಲಿ ಹೋಗಿ ನೋಡಿ. ಕ್ರೋಮ್ ಮುಚ್ಚಿ ತೆರೆದರೆ ರಿಮೂವ್ ಬಟನ್ ಜೀವ ಪಡೆದಿರುತ್ತದೆ.

ಮುಂದೆ ಡೆಸ್ಕ್‌ಟಾಪಿನ ಬ್ರೌಸರ್ ಶಾರ್ಟ್‌ಕಟ್. ರೈಟ್ ಕ್ಲಿಕ್, ಪ್ರಾಪರ್ಟೀಸ್, ಟಾರ್ಗೆಟ್ ಎಂಬ ಸಾಲು. ಅದು ಕ್ರೋಮ್ ಡಾಟ್ ಇಎಕ್ಸ್‌ಇ ಎಂಬಲ್ಲಿ ಉದ್ಧರಣ ಚಿಹ್ನೆಯೊಂದಿಗೆ ಮುಗಿಯಬೇಕು. ಸಾಲು ಉದ್ದವಿರುವುದರಿಂದ ಪೆಟ್ಟಿಗೆಯಲ್ಲಿ ಕೊನೆ ಕಾಣುವುದಿಲ್ಲ, ಒಳಗೆ ಕ್ಲಿಕ್ ಮಾಡಿ ಎಂಡ್ ಕೀ ಒತ್ತಿ ನೋಡಿ. ಚಿಹ್ನೆಯ ನಂತರ ಒಂದು ಜಾಗ ಬಿಟ್ಟು ವೆಬ್ ವಿಳಾಸವಿದ್ದರೆ ಅದೇ ಕಳ್ಳ: ಬ್ರೌಸರ್ ತೆರೆದಾಗಲೆಲ್ಲ ಆ ಪುಟ ಬರುತ್ತದೆ, ಹೋಮ್ ಪೇಜ್ ಎಷ್ಟು ಸಲ ಬದಲಿಸಿದರೂ ಉಪಯೋಗವಿಲ್ಲ. ವಿಳಾಸವನ್ನಷ್ಟೇ ಅಳಿಸಿ ಅಪ್ಲೈ ಒತ್ತಿ. ಪ್ರೊಫೈಲ್ ಡೈರೆಕ್ಟರಿ ಎಂಬ ಪದಗಳಿದ್ದರೆ ಮುಟ್ಟಬೇಡಿ, ಬೇರೆ ಬೇರೆ ಪ್ರೊಫೈಲ್ ಇರುವಾಗ ಕ್ರೋಮ್ ತಾನೇ ಅದನ್ನು ಬರೆಯುತ್ತದೆ. ಟಾಸ್ಕ್‌ಬಾರ್ ಮತ್ತು ಸ್ಟಾರ್ಟ್ ಮೆನುವಿನ ಶಾರ್ಟ್‌ಕಟ್‌ಗಳು ಬೇರೆ, ಅವನ್ನೂ ನೋಡಬೇಕು.

ಗಂಟೆಗೊಮ್ಮೆ ತಾನಾಗಿ ಪುಟ ತೆರೆಯುತ್ತಿದ್ದರೆ ಟಾಸ್ಕ್ ಶೆಡ್ಯೂಲರ್ ತೆರೆದು ಎಡಗಡೆಯ ಟಾಸ್ಕ್ ಶೆಡ್ಯೂಲರ್ ಲೈಬ್ರರಿ ಕ್ಲಿಕ್ ಮಾಡಿ. ಪ್ರತಿ ಟಾಸ್ಕಿನ ಆ್ಯಕ್ಷನ್ಸ್ ಟ್ಯಾಬ್ ಓದಿ. ಗೊತ್ತುಗುರಿಯಿಲ್ಲದ ಅಕ್ಷರಗಳ ಹೆಸರು, ಆ್ಯಪ್‌ಡೇಟಾ ಅಥವಾ ಟೆಂಪ್ ಫೋಲ್ಡರಿನಿಂದ ಓಡುವ ಫೈಲು, ಪವರ್‌ಶೆಲ್ ಜೊತೆಗೆ ಓದಲಾಗದ ಉದ್ದನೆಯ ಸಾಲು, ಬ್ರೌಸರಿಗೆ ವಿಳಾಸ ಕೊಟ್ಟು ತೆರೆಸುವ ಆದೇಶ: ಇವು ಗುರುತುಗಳು. ಆ್ಯಪ್‌ಡೇಟಾದಿಂದ ಓಡುವುದೆಲ್ಲ ಕೆಟ್ಟದ್ದಲ್ಲ, ಒನ್‌ಡ್ರೈವ್ ಕೂಡ ಅಲ್ಲಿಂದ ಓಡಬಹುದು. ಆದ್ದರಿಂದ ಮೊದಲು ಡಿಸೇಬಲ್ ಮಾಡಿ, ಎರಡು ದಿನ ಜಾಹೀರಾತು ಬಾರದಿದ್ದರೆ ಡಿಲೀಟ್ ಮಾಡಿ.

ಎಲ್ಲ ತೆಗೆದ ಮೇಲೆ ಇಂಟರ್‌ನೆಟ್ಟೇ ನಿಂತುಹೋಯಿತೇ? ಹೆದರಬೇಡಿ. ಆ್ಯಡ್‌ವೇರ್ ನಿಮ್ಮ ಸಂಚಾರವನ್ನೆಲ್ಲ ತನ್ನ ಮೂಲಕ ಹಾಯಿಸಿಕೊಳ್ಳಲು ಪ್ರಾಕ್ಸಿ ಹಾಕಿತ್ತು. ಪ್ರೋಗ್ರಾಮ್ ಹೋಗಿದೆ, ಪ್ರಾಕ್ಸಿ ಉಳಿದಿದೆ. ಸೆಟ್ಟಿಂಗ್ಸ್, ನೆಟ್‌ವರ್ಕ್ ಆ್ಯಂಡ್ ಇಂಟರ್‌ನೆಟ್, ಪ್ರಾಕ್ಸಿ ಎಂದು ಹೋಗಿ ಮ್ಯಾನ್ಯುಅಲ್ ಪ್ರಾಕ್ಸಿ ಆಫ್ ಮಾಡಿ. ಅಲ್ಲಿ 127.0.0.1 ಎಂಬ ವಿಳಾಸ, ಅಂದರೆ ನಿಮ್ಮ ಕಂಪ್ಯೂಟರಿನದೇ ವಿಳಾಸ ಕಂಡರೆ ನಿಮ್ಮ ಅನುಮಾನ ಬಹುತೇಕ ಸರಿ.

ಆ್ಯಡ್‌ವೇರ್ ಬರೀ ಕಿರಿಕಿರಿ ಎಂದು ತಿಳಿದವರಿಗೆ ಒಂದು ಮಾತು. 2014ರಲ್ಲಿ ಲೆನೊವೊ ತನ್ನ ಕೆಲವು ಲ್ಯಾಪ್‌ಟಾಪುಗಳಲ್ಲಿ ಸೂಪರ್‌ಫಿಶ್ ಎಂಬ ಆ್ಯಡ್‌ವೇರನ್ನು ಹಾಕಿಯೇ ಮಾರಿತು. ಅದು ವಿಂಡೋಸ್‌ನಲ್ಲಿ ತನ್ನದೇ ರೂಟ್ ಸರ್ಟಿಫಿಕೇಟನ್ನು (ಯಾವ ತಾಣ ಅಸಲಿ ಎಂದು ಕಂಪ್ಯೂಟರ್ ನಂಬಲು ಆಧಾರವಾದ ಮೂಲ ಪ್ರಮಾಣಪತ್ರ) ಸೇರಿಸಿತ್ತು, ಅದೂ ಎಲ್ಲ ಯಂತ್ರಗಳಲ್ಲಿ ಒಂದೇ ಕೀ. ಆ ಕೀ ಸಿಕ್ಕ ಯಾರೇ ಆದರೂ ಬ್ಯಾಂಕಿನ ನಕಲಿ ಪುಟವನ್ನು ಬೀಗದ ಗುರುತಿನ ಸಮೇತ ತೋರಿಸಬಹುದಿತ್ತು. 2015ರ ಫೆಬ್ರವರಿಯಲ್ಲಿ ಇದು ಬಯಲಾಯಿತು. ಪ್ರೋಗ್ರಾಮ್ ತೆಗೆದರೂ ಸರ್ಟಿಫಿಕೇಟ್ ಉಳಿಯುತ್ತಿತ್ತು ಎನ್ನುವುದೇ ಅದರಲ್ಲಿ ನೆನಪಿಡಬೇಕಾದದ್ದು.

ಕೊನೆಯಲ್ಲಿ ಬ್ರೌಸರನ್ನು ರೀಸೆಟ್ ಮಾಡಿ. ಕ್ರೋಮ್‌ನಲ್ಲಿ ರೀಸೆಟ್ ಸೆಟ್ಟಿಂಗ್ಸ್, ಫೈರ್‌ಫಾಕ್ಸ್‌ನಲ್ಲಿ ರಿಫ್ರೆಶ್ ಫೈರ್‌ಫಾಕ್ಸ್. ಬುಕ್‌ಮಾರ್ಕ್ ಮತ್ತು ಉಳಿಸಿದ ಪಾಸ್‌ವರ್ಡ್ ಹೋಗುವುದಿಲ್ಲ. ಕ್ರೋಮ್‌ನಲ್ಲಿದ್ದ ಕ್ಲೀನಪ್ ಟೂಲನ್ನು ಗೂಗಲ್ 2023ರಲ್ಲೇ ತೆಗೆದುಹಾಕಿದೆ, ಹಳೆಯ ಲೇಖನಗಳನ್ನು ನೋಡಿ ಅದನ್ನು ಹುಡುಕುತ್ತ ಕೂರಬೇಡಿ.

ಯಾವಾಗ ಕೈಬಿಟ್ಟು ಹೊಸದಾಗಿ ಶುರು ಮಾಡಬೇಕು

ಡಿಫೆಂಡರ್ ಆನ್ ಆಗುತ್ತಲೇ ಇಲ್ಲ, ನೀವು ಹಾಕದ ರಿಮೋಟ್ ಪ್ರೋಗ್ರಾಮ್ ಇದೆ, ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಓಡಿಸಿದ ಮೇಲೆ ಇದೆಲ್ಲ ಶುರುವಾಗಿದೆ: ಹೀಗಿದ್ದರೆ ಶುಚಿ ಮಾಡುತ್ತ ದಿನ ಕಳೆಯಬೇಡಿ. ಸೆಟ್ಟಿಂಗ್ಸ್, ಸಿಸ್ಟಮ್ (ವಿಂಡೋಸ್ 10ರಲ್ಲಿ ಅಪ್‌ಡೇಟ್ ಆ್ಯಂಡ್ ಸೆಕ್ಯುರಿಟಿ), ರಿಕವರಿ, ರೀಸೆಟ್ ದಿಸ್ ಪಿಸಿ ಎಂದು ಹೋಗಿ ರಿಮೂವ್ ಎವ್ರಿಥಿಂಗ್ ಮತ್ತು ಕ್ಲೌಡ್ ಡೌನ್‌ಲೋಡ್ ಆರಿಸಿ. ಡೌನ್‌ಲೋಡಿಗೆ 4 ಜಿಬಿಗೂ ಹೆಚ್ಚು ಡೇಟಾ ಬೇಕಾಗಬಹುದು. ಪಾಸ್‌ವರ್ಡುಗಳನ್ನು ಬೇರೊಂದು ಶುದ್ಧ ಸಾಧನದಿಂದ ಬದಲಿಸಿ, ಇಮೇಲ್ ಮೊದಲು, ಬ್ಯಾಂಕ್ ಆಮೇಲೆ, ಯಾಕೆಂದರೆ ಉಳಿದೆಲ್ಲ ಖಾತೆಗಳ ಬೀಗದ ಕೈ ಇಮೇಲಿನಲ್ಲಿದೆ. ಎಲ್ಲ ಸಾಧನಗಳಿಂದ ಲಾಗೌಟ್ ಮಾಡುವುದನ್ನು ಮರೆಯಬೇಡಿ. ಕದ್ದದ್ದು ಲಾಗಿನ್ ಕುಕೀ (ನೀವು ಈಗಾಗಲೇ ಲಾಗಿನ್ ಆಗಿದ್ದೀರಿ ಎಂದು ತಾಣಕ್ಕೆ ತಿಳಿಸುವ ಗುರುತು) ಆಗಿದ್ದರೆ ಕಳ್ಳನಿಗೆ ಪಾಸ್‌ವರ್ಡಾಗಲಿ ಒಟಿಪಿಯಾಗಲಿ ಬೇಕಾಗಿಯೇ ಇರುವುದಿಲ್ಲ.

ಮತ್ತೆ ಬಾರದಂತೆ

ಎಲ್ಲಕ್ಕಿಂತ ಹೆಚ್ಚು ಫಲ ಕೊಡುವುದು ದಿನಬಳಕೆಗೆ ಸ್ಟ್ಯಾಂಡರ್ಡ್ ಖಾತೆ. ಅಡ್ಮಿನ್ ಖಾತೆಯನ್ನು ಬೇರೆ ಪಾಸ್‌ವರ್ಡಿನಿಂದ ಎತ್ತಿಡಿ. ಮಕ್ಕಳು ಆಟವೊಂದನ್ನು ಇಳಿಸಿದಾಗ ಅಡ್ಮಿನ್ ಪಾಸ್‌ವರ್ಡ್ ಕೇಳಿತೆಂದರೆ ಆ ನಿಲುಗಡೆಯೇ ಅರ್ಧ ಕಾವಲು. ಜೊತೆಗೆ ವಿಂಡೋಸ್ ಸೆಕ್ಯುರಿಟಿಯಲ್ಲಿ ಆ್ಯಪ್ ಆ್ಯಂಡ್ ಬ್ರೌಸರ್ ಕಂಟ್ರೋಲ್, ರೆಪ್ಯುಟೇಶನ್ ಬೇಸ್ಡ್ ಪ್ರೊಟೆಕ್ಷನ್ ತೆರೆದು, ಪೊಟೆನ್ಶಿಯಲಿ ಅನ್‌ವಾಂಟೆಡ್ ಆ್ಯಪ್ ಬ್ಲಾಕಿಂಗ್ ಆನ್ ಮಾಡಿ. ಅದರ ಕೆಳಗಿನ ಎರಡೂ ಚೌಕಗಳಿಗೆ ಟಿಕ್ ಹಾಕಿ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಸ್ತರಿತ ಭದ್ರತಾ ಅಪ್‌ಡೇಟುಗಳಿಗೆ ಸೇರದ ಯಂತ್ರದಲ್ಲಿ ಬ್ಯಾಂಕ್ ವ್ಯವಹಾರ ಬೇಡ.

ಈಚೆಗೆ ಹಬ್ಬಿರುವ ಒಂದು ಮೋಸವನ್ನು ಮನೆಯವರಿಗೆಲ್ಲ ಹೇಳಿ. ನೀವು ಮನುಷ್ಯರೆಂದು ತೋರಿಸಲು ವಿಂಡೋಸ್ ಕೀ ಜೊತೆ ಆರ್, ಆಮೇಲೆ ಕಂಟ್ರೋಲ್ ವಿ, ಆಮೇಲೆ ಎಂಟರ್ ಒತ್ತಿ ಎಂದು ಪುಟವೊಂದು ಹೇಳುತ್ತದೆ. ಆ ಪುಟ ಅಷ್ಟರಲ್ಲೇ ನಿಮ್ಮ ಕ್ಲಿಪ್‌ಬೋರ್ಡಿಗೆ ಆದೇಶವೊಂದನ್ನು ತುಂಬಿರುತ್ತದೆ. ಒತ್ತಿದರೆ ನಿಮ್ಮ ಕೈಯಾರೆ ಅದನ್ನು ಓಡಿಸಿದಂತೆ. ನಿಜವಾದ ಯಾವ ಕ್ಯಾಪ್ಚಾ ಕೂಡ ಬ್ರೌಸರಿನ ಹೊರಗೆ ಕೀ ಒತ್ತಿಸುವುದಿಲ್ಲ.

ರೌಟರಿನ ಅಡ್ಮಿನ್ ಪಾಸ್‌ವರ್ಡ್ ಕಾರ್ಖಾನೆಯದೇ ಉಳಿದಿದ್ದರೆ ಇವತ್ತೇ ಬದಲಿಸಿ, ಫರ್ಮ್‌ವೇರ್ ಅಪ್‌ಡೇಟ್ ಮಾಡಿ, ಡಿಎನ್‌ಎಸ್ (ತಾಣದ ಹೆಸರನ್ನು ಅದರ ಅಂಕಿ ವಿಳಾಸಕ್ಕೆ ತಿರುಗಿಸುವ ಸೇವೆ) ವಿಳಾಸ ಪರೀಕ್ಷಿಸಿ. ಅಪರಿಚಿತ ಅಂಕಿಗಳಿದ್ದರೆ ತೆಗೆದು 9.9.9.9 ಹಾಕಬಹುದು. ಅದು ಕ್ವಾಡ್‌9ರದು, ಕೇಡಿನ ತಾಣಗಳೆಂದು ಗುರುತಿಸಿದವನ್ನು ತೆರೆಯಗೊಡುವುದಿಲ್ಲ. ಶುಚಿ ಮಾಡಿದ ಮೇಲೆ ಒಂದು ವಾರ ಬಿಟ್ಟು ಇನ್‌ಸ್ಟಾಲ್ಡ್ ಆ್ಯಪ್ಸ್, ಎಕ್ಸ್‌ಟೆನ್ಶನ್, ಟಾಸ್ಕ್ ಶೆಡ್ಯೂಲರ್ ಮೂರನ್ನೂ ಮತ್ತೊಮ್ಮೆ ತೆರೆಯಿರಿ. ತೆಗೆದ ಹೆಸರು ಅಲ್ಲಿ ಮತ್ತೆ ಕಂಡರೆ ಸಿಂಕ್ ಅಥವಾ ರಿಜಿಸ್ಟ್ರಿಯ ಪಾಲಿಸಿಯಲ್ಲಿ ಬೇರು ಉಳಿದಿದೆ, ಅಲ್ಲಿಂದಲೇ ಮತ್ತೆ ಶುರು ಮಾಡಿ.