ಬ್ರಿಟಿಷ್ ಕೊಲಂಬಿಯಾದಲ್ಲಿ ಮೂಲನಿವಾಸಿ ನೆಲದ ಒಡೆತನಕ್ಕೆ ಪುರಾವೆ ಜೋಡಿಸುವ ಬಗೆ

ಕೆನಡಾದ ಬ್ರಿಟಿಷ್ ಕೊಲಂಬಿಯಾದ ಬಹುಪಾಲು ನೆಲವನ್ನು ಮೂಲನಿವಾಸಿ ರಾಷ್ಟ್ರಗಳು (ಅಲ್ಲಿನ ಮೂಲನಿವಾಸಿ ಸಮುದಾಯಗಳಿಗೆ ಹೇಳುವ ಹೆಸರು) ಯಾವ ಒಪ್ಪಂದದಲ್ಲೂ ಬಿಟ್ಟುಕೊಟ್ಟಿಲ್ಲ. ಆದರೂ ಕೋರ್ಟಿನಲ್ಲಿ ಒಡೆತನ ಸಾಬೀತು ಮಾಡುವ ಹೊರೆ ಅವರದೇ. ಇದು ಅನ್ಯಾಯ. ಹಾಗಿರುವುದರಿಂದಲೇ ಕಡತ ಗಟ್ಟಿಯಾಗಿರಬೇಕು.

ಮೊದಲು ಕಾಲ ಗೊತ್ತು ಮಾಡಿಕೊಳ್ಳಿ. ನೆಲದ ಒಡೆತನಕ್ಕೆ ಲೆಕ್ಕಕ್ಕೆ ಬರುವುದು ಬ್ರಿಟಿಷ್ ಸಾರ್ವಭೌಮತ್ವ ಸಾರಿದ ವರ್ಷ. ಇಲ್ಲಿ ಅದು 1846. ಬೇಟೆ, ಮೀನುಗಾರಿಕೆಯಂಥ ಹಕ್ಕುಗಳಿಗಾದರೆ ಯುರೋಪಿಯನ್ನರ ಸಂಪರ್ಕಕ್ಕೂ ಮುಂಚಿನ ರೂಢಿಯನ್ನು ತೋರಿಸಬೇಕು. ಎರಡನ್ನೂ ಬೆರೆಸಿದರೆ ಒಳ್ಳೆಯ ಸಾಕ್ಷ್ಯವೂ ಕೆಲಸಕ್ಕೆ ಬರುವುದಿಲ್ಲ.

ಆಮೇಲೆ ಬಳಕೆಯ ನಕ್ಷೆ. ಹಳ್ಳಿಯಿದ್ದ ಜಾಗಗಳನ್ನಷ್ಟೇ ಗುರುತಿಸಿ ನಿಲ್ಲಿಸಬೇಡಿ. ಚಳಿಗಾಲದ ಗುಂಡಿಮನೆಗಳ ಕುರುಹು (ದುಂಡಗಿನ ತಗ್ಗು, ಅದರ ಸುತ್ತ ಎದ್ದ ಮಣ್ಣಿನ ಅಂಚು), ಗೆಡ್ಡೆ ಅಗೆಯುವ ಬಯಲು, ಸಾಲ್ಮನ್ ಹಿಡಿಯುವ ಕಡವು, ಇವನ್ನೆಲ್ಲ ಕೂಡಿಸುವ ಕಾಲುದಾರಿ, ಯಾವ ಋತುವಿನಲ್ಲಿ ಯಾವುದು ಎಂಬುದೂ ಬೇಕು. ಸಿಲ್‌ಕೋಟಿನ್ ಎಂಬ ಮೂಲನಿವಾಸಿ ರಾಷ್ಟ್ರದ ಪ್ರಕರಣದಲ್ಲಿ, 2014ರ ತೀರ್ಪಿನಲ್ಲಿ, ಕೆನಡಾದ ಸುಪ್ರೀಂ ಕೋರ್ಟ್ ಒಪ್ಪಿದ್ದು ಇದನ್ನೇ. ಸಿಲ್‌ಕೋಟಿನ್ ಜನರ ಗುಡ್ಡಗಾಡು ಹೆಚ್ಚು ಜನರನ್ನು ಸಾಕುವಂಥದ್ದಲ್ಲ. 1846ರಲ್ಲಿ ಅಲ್ಲಿದ್ದವರು ಸುಮಾರು 400 ಮಂದಿ. ಆದರೂ 1,700 ಚದರ ಕಿಲೋಮೀಟರಿಗೂ ಹೆಚ್ಚು ನೆಲದ ಒಡೆತನ ಅವರದೆಂದು ಘೋಷಣೆಯಾಯಿತು.

ತುಂಬ ಜನ ಎಡವುವುದು ಪ್ರತ್ಯೇಕ ಹಿಡಿತ (ನೆಲ ತಮ್ಮದೇ ಹತೋಟಿಯಲ್ಲಿತ್ತು, ಹೊರಗಿನವರನ್ನು ತಡೆಯಬಲ್ಲವರಾಗಿದ್ದೆವು ಎಂಬುದು) ತೋರಿಸುವಾಗ. ‘ನೆರೆಯವರೂ ಇಲ್ಲಿ ಬರುತ್ತಿದ್ದರು’ ಎಂಬ ಮಾತು ಕೇಳಿದೊಡನೆ ಅದನ್ನು ಬಚ್ಚಿಡುತ್ತಾರೆ. ಬಚ್ಚಿಡಬೇಡಿ. ನೆರೆಯವರು ಕೇಳಿಕೊಂಡು ಬಂದರು ಎಂದರೆ ಕೇಳಬೇಕಾದ ಒಡೆಯರು ಅಲ್ಲಿದ್ದರು ಎಂದೇ ಅರ್ಥ. ಸಿಲ್‌ಕೋಟಿನ್ ಜನ ಹೊರಗಿನವರನ್ನು ಹಿಮ್ಮೆಟ್ಟಿಸಿದ್ದು, ಹಾದುಹೋಗುವವರು ಅನುಮತಿ ಪಡೆಯಬೇಕೆಂದು ಒತ್ತಾಯಿಸಿದ್ದು, ಎರಡೂ ಅವರ ಪರವಾಗಿಯೇ ನಿಂತವು. ಹಾಗಾಗಿ ಪ್ರತಿ ಪ್ರಸಂಗಕ್ಕೂ ಐದು ವಿವರ ಬರೆದುಕೊಳ್ಳಿ: ಕೇಳಿದವರು ಯಾರು, ಕೇಳಿದ್ದು ಯಾರನ್ನು, ಯಾವ ಜಾಗಕ್ಕೆ, ಪ್ರತಿಯಾಗಿ ಏನು ಕೊಟ್ಟರು, ಕೇಳದೆ ಬಂದವರಿಗೆ ಏನಾಯಿತು.

ಇದರಲ್ಲಿ ಹೆಚ್ಚಿನದು ಬಾಯಿಮಾತಿನ ಪರಂಪರೆಯಲ್ಲೇ ಉಳಿದಿದೆ. ಇಲ್ಲಿನ ಇನ್ನೊಂದು ರಾಷ್ಟ್ರವಾದ ಗಿಟ್‌ಕ್ಸನ್ ಜನರ ‘ಅದಾವ್ಕ್’ ಮನೆತನದ ಇತಿಹಾಸ. ಔತಣಕೂಟದಲ್ಲಿ ಬಂದವರ ಸಾಕ್ಷಿಯಾಗಿ ಹೇಳುವಂಥದ್ದು. ಗಿಟ್‌ಕ್ಸನ್ ಮತ್ತು ನೆರೆಯ ವೆಟ್‌ಸುವೆಟೆನ್ ಮುಖ್ಯಸ್ಥರು ನೆಲದ ಒಡೆತನಕ್ಕಾಗಿ ಹೂಡಿದ ಡೆಲ್ಗಮೂಕ್ ಪ್ರಕರಣದಲ್ಲಿ ವಿಚಾರಣಾ ನ್ಯಾಯಾಲಯ ಅದಕ್ಕೆ ಬೆಲೆಯನ್ನೇ ಕೊಡಲಿಲ್ಲ; 1997ರಲ್ಲಿ ಸುಪ್ರೀಂ ಕೋರ್ಟ್ ಅದು ತಪ್ಪೆಂದು ಹೇಳಿ ಮರುವಿಚಾರಣೆಗೆ ಆದೇಶಿಸಿತು. ಧ್ವನಿಮುದ್ರಣ ಮಾಡುವಾಗ ಹೇಳುವವರ ಮನೆತನ, ಅವರಿಗೆ ಕಲಿಸಿದವರು, ಕೇಳಿದ ಸಾಕ್ಷಿಗಳು ಇಷ್ಟನ್ನೂ ದಾಖಲಿಸಿ. ಆ ಕಥನ ಮನೆತನದ ಸ್ವತ್ತು. ಅವರ ಒಪ್ಪಿಗೆಯಿಲ್ಲದೆ ಒಂದು ಸಾಲನ್ನೂ ಕಡತಕ್ಕೆ ಸೇರಿಸಬೇಡಿ.

ನಕ್ಷೆಯಲ್ಲಿ ಎರಡು ರಾಷ್ಟ್ರಗಳ ಗಡಿಗೆರೆ ಒಂದರ ಮೇಲೊಂದು ಬಿದ್ದರೆ ಅಳಿಸಲು ಹೊರಡಬೇಡಿ. ಇಬ್ಬರೂ ಸೇರಿ ಮಿಕ್ಕವರನ್ನು ಹೊರಗಿಟ್ಟಿದ್ದರೆ ಜಂಟಿ ಒಡೆತನ ಸಾಧ್ಯವೆಂದು ಡೆಲ್ಗಮೂಕ್ ತೀರ್ಪೇ ಹೇಳುತ್ತದೆ. ದೂರದ ಮಹಾಸರೋವರಗಳ ಕಡೆ ಅನಿಶಿನಾಬೆ ಮತ್ತು ಹೋಡೆನೊಶೋನಿ ಜನರ ನಡುವಿನ ಕಟ್ಟಳೆಯಲ್ಲಿ ಬೇಟೆಯ ನೆಲವೇ ಒಂದು ಬಟ್ಟಲು, ಎಲ್ಲರಿಗೂ ಒಂದೇ ಚಮಚ; ಅಂದರೆ ಹಂಚಿಕೊಂಡು ಬಳಸುವ ನೆಲ. ಕರಡು ನಕ್ಷೆಯನ್ನು ಮೊದಲು ನೆರೆಯ ರಾಷ್ಟ್ರದ ಹಿರಿಯರ ಮುಂದೆ ಹರಡಿ, ಅವರ ಮಾತು ಕೇಳಿ ತಿದ್ದಿ, ಆಮೇಲೆ ವಕೀಲರಿಗೆ ಕೊಡಿ.