ಪಬ್ಲಿಕ್ ಲೈಬ್ರರಿಯಲ್ಲಿ ಕನ್ನಡ ಪುಸ್ತಕಗಳ ಶಿಫಾರಸು: ಬೇ ಏರಿಯಾಕ್ಕೆ ಹೊಸದಾಗಿ ಬಂದವರಿಗೆ

ಅಮೆರಿಕದ ಪಬ್ಲಿಕ್ ಲೈಬ್ರರಿಗಳು ಬಹುಮಟ್ಟಿಗೆ ಸ್ಥಳೀಯ ತೆರಿಗೆಯ ಹಣದಿಂದಲೇ ನಡೆಯುತ್ತವೆ. ಕರ್ನಾಟಕದಲ್ಲಿ 1965ರ ಕಾಯ್ದೆಯಂತೆ ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರ ವಸೂಲಾಗುವುದನ್ನು ಬಲ್ಲವರಿಗೆ ಈ ವ್ಯವಸ್ಥೆ ಹೊಸದೆನಿಸುವುದಿಲ್ಲ. ಆದ್ದರಿಂದ ಸ್ಯಾನ್ ಹೋಸೆಯಲ್ಲಾಗಲಿ, ಫ್ರೀಮಾಂಟ್‌ನಲ್ಲಾಗಲಿ ಬಾಡಿಗೆ ಮನೆ ಹಿಡಿದು, ಬಾಡಿಗೆಯ ಮೂಲಕ ಪರೋಕ್ಷವಾಗಿ ಆ ತೆರಿಗೆಗೆ ಪಾಲು ಕೊಡುವ ನೀವು ಲೈಬ್ರರಿಗೆ ಹೋಗಿ ಕನ್ನಡ ಪುಸ್ತಕ ತರಿಸಿಕೊಡಿ ಎಂದು ಕೇಳುವುದರಲ್ಲಿ ಸಂಕೋಚಪಡಬೇಕಾದುದು ಏನೂ ಇಲ್ಲ. ಕ್ಯಾಲಿಫೋರ್ನಿಯಾದ ನಿವಾಸಿಗಳಿಗೆ ನೆರೆಯ ಕೌಂಟಿಯ ಲೈಬ್ರರಿಗಳೂ ಸಾಮಾನ್ಯವಾಗಿ ಉಚಿತವಾಗಿಯೇ ಕಾರ್ಡ್ ಕೊಡುತ್ತವೆ.

ಕೊಳ್ಳುವ ನಿರ್ಧಾರ ಗ್ರಂಥಪಾಲಕರದು. ಓದುಗರೂ ಸ್ವಯಂಸೇವಕರೂ ಸಲಹೆ ಕೊಡಬಹುದಷ್ಟೆ. ಖರೀದಿಗೆ ಸಲಹೆ ಕೊಡಲು ಬಹುತೇಕ ಎಲ್ಲ ಲೈಬ್ರರಿಗಳಲ್ಲೂ ಒಂದು ಅರ್ಜಿ ಇರುತ್ತದೆ. ಅದರಲ್ಲಿ ಪುಸ್ತಕದ ಹೆಸರು, ಲೇಖಕರು, ಪ್ರಕಾಶಕರು, ಮುದ್ರಣದ ವರ್ಷ ಇವುಗಳೊಡನೆ, ಪುಸ್ತಕವನ್ನು ಗುರುತಿಸಲು ಕೊಡುವ ಐಎಸ್‌ಬಿಎನ್ ಸಂಖ್ಯೆಯನ್ನು ತಪ್ಪದೆ ಬರೆಯಿರಿ. ಭಾರತದ ಪುಸ್ತಕಗಳಲ್ಲಿ ಅದು 978-81 ಅಥವಾ 978-93 ಎಂದು ಆರಂಭವಾಗುತ್ತದೆ. ನಮ್ಮ ಹಳೆಯ ಪುಸ್ತಕಗಳಲ್ಲಿ ಹಲವಕ್ಕೆ ಈ ಸಂಖ್ಯೆಯೇ ಇಲ್ಲ. ಕನ್ನಡ ಓದಲು ಬಾರದ ಗ್ರಂಥಪಾಲಕರು ಅಂಥ ಪುಸ್ತಕವನ್ನು ಸರಬರಾಜುದಾರರ ಪಟ್ಟಿಯಲ್ಲಿ ಹುಡುಕಿ ತರಿಸುವುದು ಕಷ್ಟವಾದ್ದರಿಂದ, ಮೊದಲ ಸಲಹೆಗಳಿಗೆ ಈಚಿನ ಮುದ್ರಣಗಳನ್ನೇ ಆರಿಸಿಕೊಳ್ಳುವುದು ಲೇಸು. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಿತು. ಅನುವಾದ ಕೊಂಡಿರುವ ಲೈಬ್ರರಿಯಲ್ಲಿ ಅವರ ಕನ್ನಡ ಕಥಾಸಂಕಲನಗಳನ್ನೂ ಕೇಳಿದರೆ ನಿಮ್ಮ ಮಾತಿಗೆ ತೂಕ ಹೆಚ್ಚು.

ಊರಿನಿಂದ ತಂದ ಹಳೆಯ ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬಿ ಲೈಬ್ರರಿಗೆ ಕೊಟ್ಟುಬಿಟ್ಟರೆ ಕನ್ನಡದ ಸೇವೆ ಆದಂತಾಯಿತು ಎಂದುಕೊಳ್ಳುವವರು ನಮ್ಮಲ್ಲಿ ಬಹಳ. ಹಾಗೆ ಕೊಟ್ಟವು ಸಾಮಾನ್ಯವಾಗಿ ಕಪಾಟಿಗೆ ಹೋಗದೆ, ‘ಫ್ರೆಂಡ್ಸ್ ಆಫ್ ದಿ ಲೈಬ್ರರಿ’ ಎಂಬ, ಲೈಬ್ರರಿಗೆ ನೆರವಾಗುವ ಬಳಗದವರು ನಡೆಸುವ ಪುಸ್ತಕ ಮಾರಾಟದ ಮೇಜಿಗೆ ಹೋಗುತ್ತವೆ.

ಪುಸ್ತಕ ಕಪಾಟಿಗೆ ಬಂದ ಮಾತ್ರಕ್ಕೆ ನಮ್ಮ ಕೆಲಸ ಮುಗಿಯುವುದಿಲ್ಲ. ನಿಜವಾಗಿ ಶುರುವಾಗುವುದೇ ಆಗ. ಪ್ರತಿಯೊಂದು ಪುಸ್ತಕ ಎಷ್ಟು ಸಲ ಎರವಲು ಹೋಯಿತೆಂಬ ಲೆಕ್ಕ ಕಂಪ್ಯೂಟರಿನಲ್ಲಿರುತ್ತದೆ, ಬಹುಕಾಲ ಯಾರೂ ಮುಟ್ಟದಿದ್ದುದನ್ನು ಸಿಬ್ಬಂದಿ ತೆಗೆದುಹಾಕುತ್ತಾರೆ, ಮತ್ತು ಮುಂದಿನ ಖರೀದಿಯ ಹೊತ್ತಿಗೆ ಆ ಭಾಷೆಗೆ ಎಷ್ಟು ಹಣ ಎಂಬುದರ ಮೇಲೂ ಈ ಲೆಕ್ಕದ ನೆರಳು ಬೀಳುತ್ತದೆ. ಆದ್ದರಿಂದ ನೀವು ಈಗಾಗಲೇ ಓದಿರುವ ಪುಸ್ತಕವಾದರೂ ಒಮ್ಮೆ ನಿಮ್ಮ ಕಾರ್ಡಿನ ಮೇಲೆ ಮನೆಗೆ ಒಯ್ದು, ನಾಲ್ಕು ಜನಕ್ಕೆ ಅದರ ವಿಷಯ ಹೇಳಿ. ಅಲ್ಲೇ ಕುಳಿತು ಓದಿ ಮರಳಿಟ್ಟರೆ ಆ ಓದು ಎರವಲಿನ ಲೆಕ್ಕಕ್ಕೆ ಬಾರದೆ ಹೋಗಬಹುದು.

ಕಪಾಟಿನಲ್ಲಿ ಪುಸ್ತಕದ ಪಕ್ಕ ಇಡಲು ಸ್ವಯಂಸೇವಕರು ಬರೆಯುವ ಶಿಫಾರಸು ಚೀಟಿ ಉಪಯೋಗಕ್ಕೆ ಬರುವುದು ಇಲ್ಲಿಯೇ. ಅಂಚೆ ಕಾರ್ಡಿಗಿಂತ ದೊಡ್ಡದಲ್ಲದ ಆ ಚೀಟಿಯಲ್ಲಿ ‘ಪ್ರತಿಯೊಬ್ಬ ಕನ್ನಡಿಗನೂ ಓದಲೇಬೇಕಾದ ಮೇರುಕೃತಿ’ ಎಂದು ಬರೆದರೆ ಯಾರೂ ಪುಸ್ತಕಕ್ಕೆ ಕೈ ಹಾಕುವುದಿಲ್ಲ; ನನಗಂತೂ ಅದು ಸನ್ಮಾನಪತ್ರದ ಭಾಷೆಯಂತೆ ಕಾಣುತ್ತದೆ. ಅದರ ಬದಲು ‘ಹೊಳೆ ದಾಟಿ ಶಾಲೆಗೆ ಹೋಗುವ ಹುಡುಗರ ಕಥೆ, ಅಧ್ಯಾಯಗಳು ಚಿಕ್ಕವು, ಮಾತುಕತೆ ಕರಾವಳಿಯ ಕನ್ನಡದಲ್ಲಿದೆ, ಎಂಟು ವರ್ಷ ದಾಟಿದ ಮಕ್ಕಳಿಗೆ ದಿನಕ್ಕೊಂದು ಅಧ್ಯಾಯ ಓದಿ ಹೇಳಬಹುದು’ ಎಂದು ಬರೆದರೆ, ಇದು ತಮಗೆ ಆದೀತೋ ಆಗದೋ ಎಂಬುದು ನಿಂತಲ್ಲೇ ತಿಳಿಯುತ್ತದೆ. ಕೆಳಗೆ ಇಂಗ್ಲಿಷಿನಲ್ಲಿಯೂ ಎರಡು ಸಾಲು ಇರಲಿ, ಏಕೆಂದರೆ ಚೀಟಿಯನ್ನು ಮೊದಲು ನೋಡಿ ಒಪ್ಪಬೇಕಾದವರು ಸಿಬ್ಬಂದಿ. ಇಲ್ಲಿ ಹುಟ್ಟಿ ಬೆಳೆದ ಮಕ್ಕಳಲ್ಲಿ ಕನ್ನಡ ಕೇಳಿದರೆ ತಿಳಿಯುವವರು ಹೆಚ್ಚು, ಓದಬಲ್ಲವರು ಕಡಿಮೆ. ಅವರಿಗಾಗಿ ಚೆನ್ನೈನ ತೂಲಿಕಾ ಪ್ರಕಾಶನದವರು ತರುವಂಥ, ಕನ್ನಡ ಮತ್ತು ಇಂಗ್ಲಿಷ್ ಎರಡೂ ಇರುವ ಚಿತ್ರಪುಸ್ತಕಗಳನ್ನು ಮೊದಲು ಸೂಚಿಸುವುದು ಒಳ್ಳೆಯದು.

ಸ್ವಯಂಸೇವಕರಾಗಲು ಅರ್ಜಿ ಕೊಡಬೇಕು. ಹಲವೆಡೆ ಹಿನ್ನೆಲೆ ಪರಿಶೀಲನೆ ಮಾಡುತ್ತಾರೆ, ಹದಿನೆಂಟು ತುಂಬದವರಿಗೆ ತಂದೆತಾಯಿಯರ ಸಹಿ ಕೇಳುತ್ತಾರೆ. ಎಚ್-4 ವೀಸಾದಲ್ಲಿರುವವರು (ಎಚ್-1ಬಿ ನೌಕರರ ಅವಲಂಬಿತರು, ಸಾಮಾನ್ಯವಾಗಿ ಸಂಬಳಕ್ಕೆ ದುಡಿಯಲು ಅನುಮತಿ ಇಲ್ಲದವರು), ಯಾರು ಮಾಡಿದರೂ ಸಂಬಳವಿಲ್ಲದಂಥ ಕೆಲಸವನ್ನೇ ಒಪ್ಪಿಕೊಳ್ಳಬೇಕು ಮತ್ತು ಸಂಶಯವಿದ್ದರೆ ವಕೀಲರನ್ನು ವಿಚಾರಿಸಬೇಕು. ಯಾರು ಯಾವ ಪುಸ್ತಕ ಒಯ್ದರೆಂಬುದು ಗೋಪ್ಯ. ಅದನ್ನು ಕನ್ನಡ ಕೂಟದ ಪಡಸಾಲೆಯಲ್ಲಿ ಆಡಬಾರದು. ಶಿಫಾರಸು ಮಾಡಿದ ಪುಸ್ತಕಗಳನ್ನು ಇಡುವ ಮೇಜನ್ನು ಕೂಟದ ಸದಸ್ಯತ್ವದ ಚಂದಾ ಎತ್ತುವುದಕ್ಕೆ ಬಳಸುವುದೂ ಸಲ್ಲದು.

ಕೇಳಿದ ಪುಸ್ತಕವನ್ನು ಕೊಳ್ಳಲಾಗುವುದಿಲ್ಲವೆಂಬ ಉತ್ತರ ಬಂದರೆ, ಬೇರೆ ಗ್ರಂಥಾಲಯದಿಂದ ಪುಸ್ತಕ ಎರವಲು ತರಿಸಿಕೊಡುವ ಇಂಟರ್‌ಲೈಬ್ರರಿ ಲೋನ್‌ಗೆ ಅರ್ಜಿ ಹಾಕಿ. ಬರ್ಕ್ಲಿ, ಷಿಕಾಗೋ ಮೊದಲಾದ ವಿಶ್ವವಿದ್ಯಾಲಯಗಳ ಗ್ರಂಥಾಲಯಗಳು ದಶಕಗಳಿಂದ ಕನ್ನಡ ಪುಸ್ತಕಗಳನ್ನು ತರಿಸುತ್ತ ಬಂದಿವೆ. ಅವುಗಳನ್ನು, ಹಲವು ಗ್ರಂಥಾಲಯಗಳ ಪುಸ್ತಕಗಳ ಒಟ್ಟು ಸೂಚಿಯಾದ ವರ್ಲ್ಡ್‌ಕ್ಯಾಟ್‌ನಲ್ಲಿ ಹುಡುಕುವಾಗ ಶೀರ್ಷಿಕೆಯನ್ನು ರೋಮನ್ ಲಿಪಿಯಲ್ಲಿ ಟೈಪಿಸಬೇಕಾಗಬಹುದು. ಲೇಖಕರ ಇನಿಶಿಯಲ್‌ಗಳನ್ನೂ ಹಲವು ಕಡೆ ಒಂಟಿ ಅಕ್ಷರವಾಗಿ ಕೊಡದೆ, ನಾವು ಉಚ್ಚರಿಸುವಂತೆ (K ಬದಲು Ke ಎಂಬಂತೆ) ಬಿಡಿಸಿ ಬರೆದಿರುತ್ತಾರೆ. ಒಂದು ರೂಪದಲ್ಲಿ ಸಿಗದಿದ್ದರೆ ಇನ್ನೊಂದರಲ್ಲಿ ಹುಡುಕಿ, ಸಿಕ್ಕಿದ ದಾಖಲೆಯ ಸಂಖ್ಯೆಯನ್ನೇ ಅರ್ಜಿಯಲ್ಲಿ ಬರೆಯಿರಿ. ಪುಸ್ತಕ ಬರಲು ಕೆಲವು ವಾರ ಹಿಡಿಯಬಹುದು, ಬಂದ ಮೇಲೆ ಅವಧಿ ವಿಸ್ತರಣೆ ಸಿಗದಿರಲೂಬಹುದು.