ಪಾರ್ಕಿನ್ಸನ್ ರೋಗಿಯ ಮೈಮೇಲೆ ಪ್ಯಾಚ್ ಎಷ್ಟು ಅಂಟಿದೆ: ನಾನು ಅಳೆಯುವ ಬಗೆ

ನಡುಕ, ಬಿಗಿತ ತರುವ ಪಾರ್ಕಿನ್ಸನ್ ಎಂಬ ನರರೋಗಕ್ಕೆ ದಿನಕ್ಕೊಂದರಂತೆ ಚರ್ಮಕ್ಕೆ ಹಚ್ಚುವ ಔಷಧಿಯೇ ರೋಟಿಗೊಟಿನ್ ಪ್ಯಾಚ್. ಅದರಲ್ಲಿ ಔಷಧಿಯೂ ಅಂಟೂ ಒಂದೇ ಪದರದಲ್ಲಿ ಬೆರೆತಿರುತ್ತವೆ. ದಿನಕ್ಕೆ 2 ಮಿಲಿಗ್ರಾಂ ಕೊಡುವ ಪ್ಯಾಚಿನ ವಿಸ್ತೀರ್ಣ 10 ಚದರ ಸೆಂಟಿಮೀಟರ್, 8 ಮಿಲಿಗ್ರಾಂ ಕೊಡುವುದರದು 40. ಅಂದರೆ ಚರ್ಮಕ್ಕೆ ತಾಗಿದ ಜಾಗವೇ ಇಲ್ಲಿ ಔಷಧಿಯ ಪ್ರಮಾಣ. ಪ್ಯಾಚಿನ ಕಾಲುಭಾಗ ಚರ್ಮದಿಂದ ಎದ್ದು ನಿಂತರೆ ಆ ಕಾಲುಭಾಗದಿಂದ ಮೈಯೊಳಗೆ ಏನೂ ಇಳಿಯುವುದಿಲ್ಲ. ಹುಬ್ಬಳ್ಳಿಯಲ್ಲಿ ಕ್ಲಿನಿಕಲ್ ಫಾರ್ಮಸಿಸ್ಟ್ ಆಗಿ ನರರೋಗ ತಜ್ಞರ ಜೊತೆ ಕೆಲಸ ಮಾಡುವ ನಾನು, ರೋಗಿಯ ಒಪ್ಪಿಗೆ ಪಡೆದು ಈ ಅಂಟುವಿಕೆಯನ್ನು ಅಳೆದು ದಾಖಲಿಸುತ್ತ ಬಂದಿದ್ದೇನೆ.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಸೂಚಿಸುವ 0ರಿಂದ 4ರವರೆಗಿನ ಅಂಕಗಳನ್ನೇ ನಾನು ಬಳಸುತ್ತೇನೆ. ಶೇಕಡಾ 90 ಅಥವಾ ಅದಕ್ಕಿಂತ ಹೆಚ್ಚು ಅಂಟಿದ್ದರೆ 0, 75ರಿಂದ 90ರೊಳಗಿದ್ದರೆ 1, 50ರಿಂದ 75ರೊಳಗಿದ್ದರೆ 2, ಅರ್ಧಕ್ಕಿಂತ ಕಡಿಮೆ ಅಂಟಿ ಇನ್ನೂ ಬೀಳದಿದ್ದರೆ 3, ಪೂರ್ತಿ ಕಳಚಿದರೆ 4. ಕಣ್ಣಂದಾಜಿಗೆ ಬಿಟ್ಟರೆ ಒಬ್ಬರಿಗೆ 1 ಕಂಡದ್ದು ಇನ್ನೊಬ್ಬರಿಗೆ 2 ಕಾಣುತ್ತದೆ. ಅದಕ್ಕಾಗಿ ಪ್ಯಾಚಿನ ಅಳತೆಯ ಪಾರದರ್ಶಕ ಹಾಳೆಯ ಮೇಲೆ ಸಮ ಅಂತರದಲ್ಲಿ ಚುಕ್ಕಿಗಳನ್ನು ಮುದ್ರಿಸಿಕೊಂಡು, ಅದನ್ನು ಪ್ಯಾಚಿಗೆ ಒತ್ತದೆ ತುಸು ಮೇಲೆ ಹಿಡಿದು, ಎದ್ದ ಭಾಗದ ಮೇಲೆ ಬೀಳುವ ಚುಕ್ಕಿಗಳನ್ನು ಎಣಿಸುತ್ತೇನೆ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ನೇರ ಮೇಲಿನಿಂದ ಫೋಟೋ ತೆಗೆಯುತ್ತೇನೆ. ಇನ್ನೊಬ್ಬ ಸಹೋದ್ಯೋಗಿ ನನ್ನ ಅಂಕ ನೋಡದೆಯೇ ತಮ್ಮ ಅಂಕ ಬರೆಯುತ್ತಾರೆ. ಹಚ್ಚಿದ ಕೂಡಲೇ ಪ್ಯಾಚಿನ ನಾಲ್ಕೂ ಮೂಲೆಗಳ ಹೊರಗೆ ಚರ್ಮದ ಮೇಲೆ ಪೆನ್ನಿನಿಂದ ಸಣ್ಣ ಗುರುತು ಹಾಕಿಡುವುದರಿಂದ, ಪ್ಯಾಚ್ ಕಳಚದೆ ಬರೀ ಜಾರಿದ್ದರೂ ಗೊತ್ತಾಗುತ್ತದೆ.

ಆರೋಗ್ಯವಂತ ಸ್ವಯಂಸೇವಕರ ಮೈಮೇಲೆ ಬಂದ ಅಂಕವನ್ನು ಪಾರ್ಕಿನ್ಸನ್ ರೋಗಿಗೆ ಹಾಗೆಯೇ ಅನ್ವಯಿಸುವುದನ್ನು ನಾನು ಒಪ್ಪುವುದಿಲ್ಲ. ಈ ಕಾಯಿಲೆಯಲ್ಲಿ ಅನೇಕರ ಚರ್ಮ ಜಿಡ್ಡಾಗುತ್ತದೆ, ಬೆವರು ಹೆಚ್ಚುತ್ತದೆ, ನಡುಕವೂ ಅನೈಚ್ಛಿಕ ಚಲನೆಯೂ ಪ್ಯಾಚಿನ ಅಂಚನ್ನು ಎಳೆಯುತ್ತಲೇ ಇರುತ್ತವೆ. ಹಚ್ಚುವ ಕೈಯೂ ನಡುಗುತ್ತದೆ. ಹಿಂಬದಿಯ ರಕ್ಷಾ ಹಾಳೆಯ ನಡುವೆ ‘ಎಸ್’ ಆಕಾರದ ಸೀಳಿರುತ್ತದೆ. ಒಂದು ಅರ್ಧ ಬಿಡಿಸಿ, ಆ ಭಾಗವನ್ನು ಚರ್ಮಕ್ಕೆ ಕೂರಿಸಿ, ಪ್ಯಾಚನ್ನು ಹಿಂದಕ್ಕೆ ಮಡಚಿ ಉಳಿದರ್ಧ ಬಿಡಿಸಿ, ಅಂಗೈಯಿಂದ ಸುಮಾರು 30 ಸೆಕೆಂಡ್ ಗಟ್ಟಿಯಾಗಿ ಒತ್ತಬೇಕು. ಬಿಗಿದ ಬೆರಳುಗಳು ಈ ಹೊತ್ತಿನಲ್ಲೇ ಅಂಟಿನ ಮೇಲೆ ಬಿದ್ದುಬಿಡುತ್ತವೆ, ಬೆರಳು ತಾಗಿದ ಮೂಲೆ ಮುಂದೆ ಸುಲಭವಾಗಿ ಏಳುತ್ತದೆ. ಆದ್ದರಿಂದ ಪ್ಯಾಚನ್ನು ಯಾರು ಹಚ್ಚಿದರು, ರೋಗಿಯೋ ಮನೆಯವರೋ ಎಂಬುದನ್ನು ಅಂಕದ ಜೊತೆಗೇ ಬರೆಯುತ್ತೇನೆ.

ನಮ್ಮ ಕಡೆಯ ಬದುಕೂ ಈ ದಾಖಲೆಯಲ್ಲಿ ಬರಲೇಬೇಕು. ಸೊಂಟದ ಮೇಲೆ ಹಚ್ಚಿದ ಪ್ಯಾಚಿಗೆ ಧೋತರದ ಗಂಟು ಅಥವಾ ಲಂಗದ ಲಾಡಿ ಉಜ್ಜಿದರೆ ಮೇಲಂಚು ಸುರುಳಿಯಾಗುತ್ತದೆ. ಮೈಗೆ ಎಣ್ಣೆ ತಿಕ್ಕಿಕೊಂಡು ಎರೆದುಕೊಂಡ ದಿನ, ಸಾಬೂನು ಹಚ್ಚಿದ ಮೇಲೂ ಉಳಿಯುವ ಜಿಡ್ಡಿನ ಮೇಲೆ ಯಾವ ಅಂಟೂ ನಿಲ್ಲದು. ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುವ ತಾಯಂದಿರಿಗೆ ಹೊಟ್ಟೆಯ ಬದಲು ತೊಡೆಯ ಹೊರಬದಿ ಅಥವಾ ತೋಳಿನ ಮೇಲ್ಭಾಗವನ್ನು ಸೂಚಿಸುತ್ತೇನೆ. ಬೆಂಕಿಯ ಕಾವು ನೇರವಾಗಿ ಬಡಿದರೆ ಬೆವರಿನಿಂದ ಅಂಚು ಏಳುವುದಷ್ಟೇ ಅಲ್ಲ, ಔಷಧಿ ಹೆಚ್ಚು ವೇಗವಾಗಿ ಮೈಗಿಳಿಯುವ ಅಪಾಯವೂ ಇದೆ. ಗದಗ, ನರಗುಂದದ ಕಡೆಯಿಂದ ಹೊಲದ ಕೆಲಸ ಮುಗಿಸಿ ಬಂದವರ ಪ್ಯಾಚಿನ ಸುತ್ತ ಎರೆಮಣ್ಣಿನ ಧೂಳು ಕಪ್ಪು ಗೆರೆಯಾಗಿ ಕೂತಿರುತ್ತದೆ. ಅಂಟು ಅಂಚಿನಿಂದ ತುಸು ಹೊರಗೆ ಹರಿದು ಧೂಳನ್ನು ಹಿಡಿದದ್ದರ ಗುರುತು ಅದು. ಅದನ್ನು ಕಳಚಿದ ಭಾಗವೆಂದು ಎಣಿಸಕೂಡದು, ಬೇರೆಯಾಗಿಯೇ ಬರೆದಿಡಬೇಕು.

ಅಳೆಯುವ ದಿನ ಅತ್ಯಂತ ಕಷ್ಟದ ಸಂಗತಿಯೆಂದರೆ ಮನೆಯವರ ಕಾಳಜಿ. ಮೂಲೆ ಎದ್ದದ್ದು ಕಂಡೊಡನೆ ಮಗಳೋ ಸೊಸೆಯೋ ಬೆರಳಿನಿಂದ ಒತ್ತಿಬಿಡುತ್ತಾರೆ, ಇಲ್ಲವೇ ಟೇಪು ಹಚ್ಚುತ್ತಾರೆ. ದಿನಬಳಕೆಯಲ್ಲಿ ಅಂಚಿಗೆ ಟೇಪು ಹಚ್ಚಿದರೆ ತಪ್ಪೇನಿಲ್ಲ. ಆದರೆ ಅಳೆಯುವಾಗ ಟೇಪು ಹಚ್ಚಿದರೆ ನಾವು ಅಳೆಯುವುದು ಟೇಪಿನ ಅಂಟನ್ನು, ಪ್ಯಾಚಿನದನ್ನಲ್ಲ. ಅಂಚು ಎದ್ದರೆ ಮುಟ್ಟದೆ ಹೊತ್ತನ್ನು ಮಾತ್ರ ಬರೆದಿಡಿ ಎಂದು ಮೊದಲೇ ತಿಳಿಸುತ್ತೇನೆ. ಪೂರ್ತಿ ಕಳಚಿದರೆ 4 ಎಂದು ಬರೆದು, ಹೊಸದನ್ನು ಹಚ್ಚಿ, ಮರುದಿನ ಎಂದಿನ ಹೊತ್ತಿಗೇ ಬದಲಿಸಲು ಹೇಳುತ್ತೇನೆ.

ತೆಗೆಯುವಾಗಲೂ ನೋಡಬೇಕಾದದ್ದಿದೆ: ಚರ್ಮ ಕೆಂಪಾಗಿದೆಯೇ, ಅಂಟು ಉಳಿದಿದೆಯೇ, ಬಿಡಿಸುವಾಗ ನೋವಾಯಿತೇ. ವಯಸ್ಸಾದವರ ತೆಳು ಚರ್ಮವನ್ನು ಕೀಳುವಷ್ಟು ಗಟ್ಟಿಯಾದ ಅಂಟು 0 ಅಂಕ ಪಡೆದರೂ ನನ್ನ ಲೆಕ್ಕದಲ್ಲಿ ಒಳ್ಳೆಯ ಅಂಟಲ್ಲ. ಅದೇ ಜಾಗಕ್ಕೆ 14 ದಿನ ಮತ್ತೆ ಹಚ್ಚಬಾರದು ಎಂಬ ನಿಯಮವೂ ಚರ್ಮದ ಹಿತಕ್ಕಾಗಿಯೇ ಇದೆ. ತೆಗೆದ ಪ್ಯಾಚಿನಲ್ಲಿ ಔಷಧಿ ಉಳಿದಿರುತ್ತದೆ. ಅಂಟಿನ ಬದಿ ಒಳಗಾಗುವಂತೆ ಮಡಚಿ ಮಕ್ಕಳ ಕೈಗೆ ಸಿಗದಂತೆ ಎಸೆಯಿಸುತ್ತೇನೆ. ಹಚ್ಚುವ ಮುನ್ನ ಪ್ಯಾಚನ್ನು ಬೆಳಕಿಗೆ ಹಿಡಿದು ನೋಡುವ ರೂಢಿಯೂ ನನಗಿದೆ. 2008ರಲ್ಲಿ ಅಮೆರಿಕದಲ್ಲಿ ಈ ಔಷಧಿ ಪ್ಯಾಚಿನೊಳಗೇ ಹರಳುಗಟ್ಟಿದ್ದರಿಂದ ಅದನ್ನು ಮಾರುಕಟ್ಟೆಯಿಂದ ಹಿಂಪಡೆಯಲಾಗಿತ್ತು. ಸುಧಾರಿಸಿದ ರೂಪ 2012ರಲ್ಲಿ ಮರಳಿ ಬಂದಿತು.

24 ಗಂಟೆಯ ಕೊನೆಯ ಅಂಕವೊಂದೇ ವೈದ್ಯರಿಗೆ ಸಾಲದು. ಬೆಳಿಗ್ಗೆ ಹತ್ತಕ್ಕೇ ಅರ್ಧ ಎದ್ದ ಪ್ಯಾಚೂ ಮರುದಿನ ನಸುಕಿನಲ್ಲಿ ಅರ್ಧ ಎದ್ದ ಪ್ಯಾಚೂ ಕೊನೆಗೆ ಒಂದೇ ಅಂಕ ಪಡೆಯಬಹುದು, ಆದರೆ ರೋಗಿಗೆ ಸಿಕ್ಕ ಔಷಧಿ ಒಂದೇ ಅಲ್ಲ. ಹಾಗಾಗಿ ಅಂಚು ಎದ್ದ ಹೊತ್ತನ್ನೂ, ಕೈಕಾಲು ಬಿಗಿದು ನಡೆಯಲಾಗದೆ ನಿಂತ ಹೊತ್ತನ್ನೂ ಒಂದೇ ಹಾಳೆಯಲ್ಲಿ ಎದುರುಬದುರು ಬರೆದು ಕೊಡುತ್ತೇನೆ. ಎರಡೂ ಹೊಂದಿಬಂದ ಕಡೆ, ಪ್ಯಾಚಿನ ಪ್ರಮಾಣ ಹೆಚ್ಚಿಸುವ ಮುನ್ನ ಹಚ್ಚುವ ಜಾಗವನ್ನೂ ಹಚ್ಚುವ ಕೈಯನ್ನೂ ಬದಲಿಸಿ ನೋಡೋಣವೇ ಎಂದು ವೈದ್ಯರನ್ನು ಕೇಳುತ್ತೇನೆ.